ಜೀಪಿಗಿಂತ ಮೊದಲು ಮದುವೆ

"ಹೊರಗ ಬರ್ರಿ! ಇವತ್ತು ನಿಮ್ಮನ್ನ ಬಿಡಂಗಿಲ್ಲ!"

ಕೋಗಳಿಯಿಂದ ಬಸ್ಸು ಹತ್ತಿ ಕೊಟ್ಟೂರಿಗೆ ಬಂದ ಶಿವಲೀಲಾಗೆ, ಗುರುಶಾಂತನ ಗ್ಯಾರೇಜಿನಲ್ಲಿ ಜೀಪಿನ ಕೆಳಗೆ ಚಾಚಿದ ಎರಡು ಕಾಲು ಮಾತ್ರ ಕಂಡವು. ಮದುವೆ ನಿಶ್ಚಯವಾಗಿ ವರ್ಷವಾಯಿತು. ಮದುವೆಯಾಗುವವನ ಮುಖಕ್ಕಿಂತ ಈ ಕಾಲುಗಳನ್ನೇ ಅವಳು ಹೆಚ್ಚು ನೋಡಿದ್ದಾಳೆ!

ಅವನು ತೆವಳಿ ಹೊರಬಂದ. ಮೂಗಿನ ಮೇಲೆ ಗ್ರೀಸು.

"ಲೀಲಾ, ಯಾವಾಗ ಬಂದಿ?"

"ಮತ್ತ ಮುಹೂರ್ತ ಮುಂದಕ್ಕ ಹಾಕಿಸಿದ್ರಂತ? ಈ ಸಲ ಏನು ನೆಪ?"

"ಹಳೇ ಮಾದರಿ ಮೀಟರ್ ಸಿಕ್ಕಿಲ್ಲ. ಬಣ್ಣಾನೂ ಇನ್ನೊಂದು ಸಲ ಹೊಡಿಬೇಕು..."

ಶಿವಲೀಲಾಗೆ ಸಿಟ್ಟು ನೆತ್ತಿಗೇರಿತು. ಅವನ ಅಪ್ಪನ ಕಾಲದ ಜೀಪಿನಲ್ಲೇ ಮದುವೆಯ ಮೆರವಣಿಗೆ ಎಂದಾಗ ಅವಳೂ ಹಿಗ್ಗಿದ್ದಳು. ಮೊದಲು ಎಂಜಿನ್ ಎಂದ. ಆಮೇಲೆ ಟಾಪು, ಸೀಟು. ಈಗ ಮೀಟರ್!

'ನಾನು ಬೇಡವಾದೆನಾ? ಅದನ್ನು ಹೇಳಲಾರದೆ ಜೀಪಿನ ಕೆಳಗೆ ಅಡಗಿದ್ದಾನಾ...?'

"ನನ್ನ ಮ್ಯಾಲೆ ಮನಸಿಲ್ಲಂದ್ರ ಹೇಳಿಬಿಡ್ರಿ. ಉಂಗುರ ಇಲ್ಲೇ ಇಟ್ಟು ಹೋಗ್ತೀನಿ!"

ಬೆರಳಿನಿಂದ ಉಂಗುರ ಎಳೆದೇ ಬಿಟ್ಟಳು. ಗುರುಶಾಂತನ ಕೈಯಿಂದ ಬೋಲ್ಟ್ ತಿರುಗಿಸುವ ಪಾನಾ ಜಾರಿ ಬಿತ್ತು.

"ಮನಸಿಲ್ಲ ಅಂದೋರ್ಯಾರು? ನಿಶ್ಚಯದ ದಿನ ನಿಮ್ಮ ಹಾಲಸ್ವಾಮಿ ಮಾವ ಎಲ್ಲರ ಮುಂದ ಏನಂದ್ರು? 'ನಮ್ಮ ಹುಡುಗಿನ ಈ ಗುಜರಿ ಒಳಗ ಒಯ್ತೀರೇನು' ಅಂದ್ರು. ಮಂದಿ ನಕ್ಕರು. ನೀನೂ ನಕ್ಕಿ..."

ಶಿವಲೀಲಾ ದಂಗಾದಳು. ಬೀಗರ ಕುಚೋದ್ಯ! ಅದನ್ನು ಎದೆಗೆ ಹಚ್ಚಿಕೊಂಡು ಈ ಮಂಕು ವರ್ಷವಿಡೀ ಸುತ್ತಿಗೆ ಬಡಿದಿದ್ದಾನೆ!

"ಅಯ್ಯೋ ನನ್ನ ಕರ್ಮನೇ! ನನ್ನ ಕಟ್ಟಿಕೊಳ್ಳೋರು ನೀವೋ, ನಮ್ಮ ಮಾವನೋ? ನಾ ನಕ್ಕಿದ್ದು ತಪ್ಪಾತು. ಆದ್ರ ಅವತ್ತೇ ಬೈಬೇಕಿತ್ತಿಲ್ಲೋ!"

ಅವಳು ಕಣ್ಣೊರೆಸಿಕೊಂಡು ಜೀಪಿನ ಸುತ್ತ ಒಂದು ಸುತ್ತು ಬಂದಳು.

"ಬ್ರೇಕ್ ಹಿಡಿತೈತಾ?"

"ಹಿಡಿತೈತಿ."

"ದೀಪ?"

"ಹತ್ತತಾವ."

"ಅಷ್ಟಾದ್ರ ಸಾಕು. ಇನ್ನೊಂದು ಬೋಲ್ಟ್ ಮುಟ್ಟಿದ್ರ ನೋಡ್ರಿ!"

"ಬಾಗಿಲಿಗೆ ತಗ್ಗು ಬಿದ್ದೈತಿ, ಲೀಲಾ. ತುಕ್ಕು ಕಾಣತೈತಿ..."

"ನಾಳೆ ನನ್ನ ಕೂದಲು ಬೆಳ್ಳಗಾದ್ರ, ನನ್ನೂ ಹಿಂಗ ಬಿಚ್ಚಿಡ್ತೀರೇನು?"

ಗುರುಶಾಂತ ತಲೆ ತಗ್ಗಿಸಿ ನಕ್ಕ. ಆಮೇಲೆ ಕೈ ಚಾಚಿದ.

"ಉಂಗುರ ಕೊಡು. ನಾನೇ ತೊಡಿಸ್ತೀನಿ."

"ಮೊದಲು ಕೈ ತೊಳ್ಕೊಳ್ರಿ!"

"ತೊಳ್ಕೊಂಡು ಬರೋದ್ರಾಗ ನೀ ಹೋಗಿಬಿಟ್ರ?"

ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆಯಲಿಲ್ಲ. ಶಿವಲೀಲಾ ಆ ಗ್ರೀಸಿನ ಕೈಗೇ ಉಂಗುರವನ್ನೂ ತನ್ನ ಬೆರಳನ್ನೂ ಕೊಟ್ಟಳು.

"ಮುಂದಿನ ಮುಹೂರ್ತನೂ ತಪ್ಪಿದ್ರ, ಜೀಪು ನಾನೇ ಓಡಿಸ್ಕೊಂಡು ಹೋಗ್ತೀನಿ."

"ನನ್ನ ಬಿಟ್ಟಾ?"

"ಬಿಡೋದೆಲ್ಲಿ... ಹಿಂದ ಹಾಕ್ಕೊಂಡು!"