ಮುನ್ನೂರು ಭರಣಿಗಳ ದೊರೆ

ಬಹಳ ಕಾಲದ ಹಿಂದೆ ಏಳುಕೊಳ ಎಂಬ ರಾಜ್ಯವನ್ನು ಹೊನ್ನರಸ ಎಂಬ ದೊರೆ ಆಳುತ್ತಿದ್ದ. ಆಳುತ್ತಿದ್ದ ಎನ್ನುವುದು ಮಾತಿಗೆ. ಅವನು ಕೆಟ್ಟವನೇನಲ್ಲ. ಯಾರ ಮೇಲೂ ದಂಡೆತ್ತಿ ಹೋದವನಲ್ಲ. ಅವನಿಗಿದ್ದದ್ದು ಒಂದೇ ಹುಚ್ಚು, ಚಿಲುಮೆಯದು.

ಅರಮನೆಯ ಪಡಸಾಲೆಯಲ್ಲಿ ಮುನ್ನೂರು ಭರಣಿಗಳು ಸಾಲಾಗಿ ಕೂತಿದ್ದವು. ಒಂದೊಂದರಲ್ಲೂ ಒಂದೊಂದು ಹದದ ಹೊಗೆಸೊಪ್ಪು. ಬೆಲ್ಲದ ಪಾಕದಲ್ಲಿ ನೆನೆಸಿದ್ದು, ಕೇದಗೆಯ ಜೊತೆ ಮಡಿಸಿಟ್ಟದ್ದು, ಒಂಟೆಯ ಮೇಲೆ ಮರಳುಗಾಡು ದಾಟಿ ಬಂದದ್ದು. ಒಂದನ್ನು ಸೇದಿದರೆ ಸತ್ತುಹೋದ ಅಜ್ಜನ ದನಿ ಕೇಳಿಸುತ್ತಿತ್ತು. ಇನ್ನೊಂದರ ಹೊಗೆ ನವಿಲಾಗಿ ಕೋಣೆಯನ್ನೆಲ್ಲ ಸುತ್ತುತ್ತಿತ್ತು. ಸಂಜೆಯಾದರೆ ದೊರೆ ಒಂದು ಭರಣಿ ತೆರೆದು ಮೂಸಿ ಮುಚ್ಚುವನು, ಇನ್ನೊಂದು ತೆರೆದು ಮೂಸಿ ಮುಚ್ಚುವನು. ಯಾವುದನ್ನು ಸೇದುವುದೆಂದು ತೀರ್ಮಾನವಾಗುವಷ್ಟರಲ್ಲಿ ಊಟ ಆರಿ ತಣ್ಣಗಾಗಿರುತ್ತಿತ್ತು. ರಾಣಿ ಕೇತಲೆ ಕಾದು ಕಾದು ಒಬ್ಬಳೇ ಉಂಡು ಮಲಗುತ್ತಿದ್ದಳು.

ಹೀಗಿರುವಾಗ ಬೂದುಗಣ್ಣ ಎಂಬ ಮಾಂತ್ರಿಕ ವ್ಯಾಪಾರಿಯ ವೇಷ ಹಾಕಿಕೊಂಡು ಅರಮನೆಗೆ ಬಂದ. ಅವನ ಕೈಯಲ್ಲಿ ರೇಷ್ಮೆಯ ಚೀಲವಿತ್ತು.

"ದೊರೆಗಳೇ, ಇಂಥ ಸೊಪ್ಪು ಭೂಮಿ ಮೇಲೆ ಇನ್ನೊಬ್ಬರ ಹತ್ರ ಇಲ್ಲ," ಎಂದ.

ಆ ಒಂದು ಮಾತು ಸಾಕಾಯಿತು. ದೊರೆ ಕೂತಲ್ಲಿಂದ ಎದ್ದೇಬಿಟ್ಟ. "ಬೆಲೆ ಏನು?"

"ಹೆಚ್ಚೇನಿಲ್ಲ. ಈ ಅರಮನೆಯೊಳಗೆ ನೀವು ಒಂದು ತಿಂಗಳಿಂದ ಕಣ್ಣೆತ್ತಿ ನೋಡದೇ ಇರೋದು ಏನಿದೆಯೋ ಅದನ್ನ ಕೊಟ್ಟುಬಿಡಿ."

ದೊರೆಗೆ ಅಟ್ಟದ ಮೇಲಿನ ಮುರುಕು ಪಲ್ಲಕ್ಕಿ ನೆನಪಾಯಿತು. ಪೀಡೆ ತೊಲಗಿತು ಎಂದುಕೊಂಡು, "ತಗೊಂಡು ಹೋಗು," ಎಂದುಬಿಟ್ಟ.

ಬಾಗಿಲ ಬಳಿ ತಾಮ್ರದ ಚೊಂಬು ಬಿದ್ದ ಸದ್ದಾಯಿತು. ಅಲ್ಲಿ ನಿಂತಿದ್ದ ಕೇತಲೆ ಪಾದದಿಂದ ಮೇಲಕ್ಕೆ ಹೊಗೆಯಾಗುತ್ತಿದ್ದಳು. ಆ ಹೊಗೆ ಪಡಸಾಲೆಯನ್ನು ಒಂದು ಸುತ್ತು ಹಾಕಿ ಮುನ್ನೂರು ಭರಣಿಗಳಲ್ಲಿ ಯಾವುದರೊಳಗೋ ಇಳಿದುಹೋಯಿತು.

ಮಾಂತ್ರಿಕ ವೇಷ ಕಳಚಿದ. "ದೊರೆ, ನಿನಗೆ ಎಲ್ಲಕ್ಕಿಂತ ಪ್ರಿಯವಾದ ಹದ ಯಾವುದೋ ಅದರಲ್ಲಿ ಅವಳಿದ್ದಾಳೆ. ಇದನ್ನ ನಾನು ಹೇಳಲೇಬೇಕು, ಮಂತ್ರದ ಕಟ್ಟು ಹಾಗಿದೆ. ಇಲ್ಲಿ ಹಚ್ಚಿದರೆ ಅವಳು ಗಾಳಿಪಾಲು. ಭರಣಿಗಳನ್ನ ತಗೊಂಡು ನನ್ನ ಹೊಗೆಗುಡ್ಡಕ್ಕೆ ಬಾ. ಅಲ್ಲಿ ಒಂದೇ ಒಂದು ಚಿಲುಮೆ ಹಚ್ಚು. ಸರಿಯಾದದ್ದು ಹಚ್ಚಿದರೆ ರಾಣಿ ಎದ್ದು ಬರ್ತಾಳೆ, ನಾನು ಬೂದಿಯಾಗ್ತೀನಿ. ತಪ್ಪಿದರೆ ಅವಳು ಹೊಗೆಯಾಗೇ ಇರ್ತಾಳೆ, ನೀನು ಪ್ರಾಣಿಯಾಗಿ ನನ್ನ ದಾರಿ ಕಾಯ್ತೀಯ."

ಇಷ್ಟು ಹೇಳಿ ಮಾಯವಾದ. ದೊರೆ ರೇಷ್ಮೆಯ ಚೀಲ ಬಿಚ್ಚಿ ನೋಡಿದರೆ ಒಳಗಿದ್ದದ್ದು ಹುಣಸೆ ಎಲೆ.

ತನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಯಾವುದು? ಇದನ್ನೇನು ಯೋಚಿಸುವುದು ಎಂದು ದೊರೆ ಭರಣಿಗಳ ಕಡೆ ತಿರುಗಿದ. ಮೊದಲನೆಯದು ಇರಬಹುದು ಅನ್ನಿಸಿತು. ಹತ್ತನೆಯದೂ ಇರಬಹುದು. ನವಿಲಿನದೂ ಇದ್ದೀತು. ಮುನ್ನೂರರಲ್ಲಿ ಯಾವ ಒಂದನ್ನೂ ಬೆರಳಿಟ್ಟು ತೋರಿಸಲು ಅವನಿಂದ ಆಗಲಿಲ್ಲ. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ತಾನೇ ಬಂಡಿ ಕಟ್ಟಿ, ಎಲ್ಲ ಭರಣಿಗಳನ್ನೂ ಹುಲ್ಲಿನ ನಡುವೆ ಇಟ್ಟು, ಎತ್ತುಗಳನ್ನು ಹೊಗೆಗುಡ್ಡದ ಕಡೆ ಹೊಡೆದ.

ದಾರಿಯಲ್ಲಿ ಒಂದು ಹೊಳೆ. ಹೊಳೆಗೆ ಅಡ್ಡವಾಗಿ ಮನೆಯಷ್ಟು ದೊಡ್ಡ ಆಮೆ ಮಲಗಿತ್ತು.

"ಅರಗಿನ ಮುದ್ರೆ ಒಡೆಯದ ಭರಣಿಗಳನ್ನೆಲ್ಲ ಇಲ್ಲಿ ಇಳಿಸು," ಎಂದಿತು ಆಮೆ.

"ಅಯ್ಯೋ, ಅವೇ ಉತ್ತಮವಾದವು! ಹಳತಾದಷ್ಟೂ ರುಚಿ ಏರುತ್ತೆ. ಇನ್ನೂ ಹಳತಾಗಲಿ ಅಂತ ಇಟ್ಟಿದೀನಿ."

"ನನ್ನಷ್ಟು ಹಳತಾಗಬೇಕಾ? ಅಲ್ಲಿವರೆಗೆ ನೀನಿರ್ತೀಯಾ?"

ದೊರೆ ಬಂಡಿಯ ಕಡೆ ತಿರುಗಿದ. ರುಚಿಯನ್ನೇ ನೋಡದ್ದು ಪ್ರಿಯ ಹೇಗಾದೀತು? ಒಂದೊಂದಾಗಿ ಇಳಿಸಿದ. ಬಂಡಿಯ ಅರ್ಧ ಬರಿದಾಯಿತು. ಆಮೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಹೊಳೆ ದಾಟಿದರೆ ಕಾಡು. ಕಾಡಿನ ಬಾಗಿಲಲ್ಲಿ ಹಿತ್ತಾಳೆ ಹಲ್ಲಿನ ಹುಲಿ.

"ಭರಣಿಗಳ ಹೆಸರಿನ ಚೀಟಿ ಕಿತ್ತುಹಾಕು," ಎಂದಿತು ಹುಲಿ. "ಕಣ್ಣಿಗೆ ಬಟ್ಟೆ ಕಟ್ಟಿಕೋ. ನಾನು ಒಂದೊಂದೇ ಮೂಗಿಗೆ ಹಿಡೀತೀನಿ. ಯಾವುದು ಅಂತ ಹೇಳು. ಹೇಳೋಕಾಗದ್ದು ನನ್ನದು."

ಬಂದ ಅತಿಥಿಗಳೆದುರು ಗಂಟೆಗಟ್ಟಲೆ ಸೊಪ್ಪಿನ ಗುಣ ಕೊಚ್ಚಿಕೊಂಡ ದೊರೆ ಇವನು. ಹುಲಿ ಮೊದಲನೆಯದನ್ನು ಹಿಡಿಯಿತು. "ಇದು ಮರಳುಗಾಡಿನದು!" ಎಂದ ಹೆಮ್ಮೆಯಿಂದ. ಅದು ಅವನದೇ ರಾಜ್ಯದ ಕುರುಬರು ಕೊಟ್ಟದ್ದು. ಮರಳುಗಾಡಿನದನ್ನು ಹಿಡಿದಾಗ, "ಇದು ನಮ್ಮ ಎತ್ತಿನ ಹುಲ್ಲಲ್ವಾ?" ಎಂದ. ಹುಲಿ ನಗಲಿಲ್ಲ. ಅದು ದೊಡ್ಡ ಉಪಕಾರ. ಕಣ್ಣಿನ ಬಟ್ಟೆ ಬಿಚ್ಚುವಾಗ ಬಂಡಿಯಲ್ಲಿ ಉಳಿದದ್ದು ಇಪ್ಪತ್ತೋ ಇಪ್ಪತ್ತೈದೋ ಭರಣಿ.

"ಕೇತಲೆ ಇದರಲ್ಲೇ ಎಲ್ಲಾದರೂ ಇದ್ದರೆ?" ಎಂದ ದೊರೆ, ಹುಲಿಯ ಪಾಲಿನ ರಾಶಿ ನೋಡುತ್ತ.

"ಗುರುತೇ ಹಿಡಿಯದ್ದರ ಮೇಲೆ ಯಾರಿಗೂ ಪ್ರೀತಿ ಇರಲ್ಲ. ಮುಂದೆ ಹೋಗು," ಎಂದಿತು ಹುಲಿ.

ಕಾಡು ಮುಗಿದಲ್ಲಿ ಒಂದು ಬಂಡೆ. ಬಂಡೆಯ ಮೇಲೆ ಬಿಳಿ ಹದ್ದು.

"ಇಲ್ಲಿ ಒಂದು ದಿನ ಸುಮ್ಮನೆ ಕೂತಿರು," ಎಂದಿತು ಹದ್ದು. "ಭರಣಿಗಳು ಪಕ್ಕದಲ್ಲೇ ಇರಲಿ, ಸೇದಬೇಡ. ಆರಿಸೋಕೂ ಹೋಗಬೇಡ. ನಿನ್ನ ಕೈ ತಾನಾಗಿ ಎಲ್ಲಿಗೆ ಹೋಗುತ್ತೋ ನಾನು ನೋಡ್ತೀನಿ."

ಬೆಳಗ್ಗೆ ಚಳಿಗೆ ಮೈ ನಡುಗಿದಾಗ ದೊರೆಯ ಕೈ ಒಂದು ಘಾಟಿನ ಸೊಪ್ಪಿನ ಭರಣಿಗೆ ಹೋಯಿತು. ಬುತ್ತಿ ಉಂಡಾದ ಮೇಲೆ ಲವಂಗದ ಪರಿಮಳದ್ದಕ್ಕೆ ಹೋಯಿತು. ಹೊತ್ತು ಇಳಿದು ಆಕಾಶ ಕೆಂಪಾದಾಗ ಮೂಲೆಯಲ್ಲಿದ್ದ ಸಣ್ಣ ಮಣ್ಣಿನ ಭರಣಿಗೆ ಹೋಯಿತು. ಮುಚ್ಚಳ ಮುಟ್ಟಿದವನೇ ಬಿಸಿ ತಾಗಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

"ಯಾಕೆ?" ಎಂದಿತು ಹದ್ದು.

"ಅದನ್ನ ಮುಟ್ಟಲ್ಲ. ಒಂದೇ ಚಿಲುಮೆಯಷ್ಟು ಉಳಿದಿದೆ. ಮದುವೆಯಾದ ಹೊಸತರಲ್ಲಿ ದಿನಾ ಸಂಜೆ ಈ ಭರಣಿ ನನ್ನ ಚಿಲುಮೆ ಪಕ್ಕ ಇರ್ತಿತ್ತು. ಎಷ್ಟು ಚೆನ್ನಾಗಿತ್ತು ಅಂತೀಯ! ಉಗ್ರಾಣದವರನ್ನ ಕೇಳಿದೆ, ನಮ್ಮದಲ್ಲ ಅಂದರು. ದೇಶದೇಶಕ್ಕೆ ಆಳು ಕಳಿಸಿದೆ. ಅವರು ಹುಡುಕಿ ತಂದದ್ದೇ ಉಳಿದವೆಲ್ಲ. ಇದು ಮಾತ್ರ ಎಲ್ಲೂ ಸಿಗಲಿಲ್ಲ. ಅದಕ್ಕೇ ಹಾಗೇ ಇಟ್ಟಿದೀನಿ."

"ನಾನೂ ಒಂದನ್ನ ಹಾಗೇ ಇಟ್ಟಿದ್ದೆ," ಎಂದು ಹದ್ದು ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿಕೊಂಡಿತು.

ಕೈ ತಾನಾಗಿ ಹೋದ ಆ ಮೂರು ಭರಣಿ ಮಾತ್ರ ಎತ್ತಿಕೊಂಡು, ಉಳಿದವನ್ನು ಬಂಡೆಯ ಬಳಿ ಇಳಿಸಿ, ದೊರೆ ಗುಡ್ಡ ಹತ್ತಿದ. ಮುನ್ನೂರು ಇದ್ದಾಗ ಇಲ್ಲದ ಹಗುರ ಮೈಗೆ ಬಂದಿತ್ತು, ಹೆದರಿಕೆ ಮಾತ್ರ ಹಾಗೇ ಇತ್ತು. ಬೂದುಗಣ್ಣನ ಗುಹೆಯ ಗೋಡೆಗಳ ತುಂಬ ಭರಣಿಗಳಿದ್ದವು. ಪ್ರತಿಯೊಂದರ ತಳದಲ್ಲೂ ಒಂದೊಂದು ಚಿಲುಮೆಯಷ್ಟು ಸೊಪ್ಪು.

"ಬಂದೆಯಾ? ಕೂತುಕೋ," ಎಂದು ಮಾಂತ್ರಿಕ ತಾನೇ ಕೆಂಡ ತಂದಿಟ್ಟ. "ಮೂರೂ ಒಳ್ಳೆಯವೇ. ಆದರೆ ಆ ಮಣ್ಣಿನ ಭರಣಿ ಬೇಡ ಅಂತೀನಿ. ಯೋಚಿಸು. ಅದನ್ನ ಹಚ್ಚಿ ತಪ್ಪಾದರೆ ರಾಣಿಯೂ ಇಲ್ಲ, ಹದವೂ ಇಲ್ಲ. ಇಂಥ ಮೂರ್ಖತನ ಈವರೆಗೆ ಇಲ್ಲಿಗೆ ಬಂದ ಒಬ್ಬ ದೊರೆಯೂ ಮಾಡಿಲ್ಲ."

ಮಾತಿನಲ್ಲಿ ನ್ಯಾಯವಿದೆ ಅನ್ನಿಸಿತು. ದೊರೆಯ ಕೈ ಲವಂಗದ ಭರಣಿಯ ಕಡೆ ಸರಿಯಿತು. ಧೈರ್ಯಕ್ಕೆಂದು ಕೇತಲೆಯ ಮುಖ ನೆನೆಸಿಕೊಳ್ಳಲು ನೋಡಿದ. ಬರಲಿಲ್ಲ. ಮೂಗುತಿ ನೆನಪಾಯಿತು, ಮುಖ ಬರಲಿಲ್ಲ. ಅವನಿಗೆ ಅಳು ಬಂತು. ಸೊಪ್ಪು ಮುಗಿದರೆ ಮುಗಿಯಲಿ, ಅವಳ ಮುಖ ಮತ್ತೆ ಕಂಡರೆ ಸಾಕು ಎನ್ನಿಸಿತು. ಮಣ್ಣಿನ ಭರಣಿಯನ್ನು ಬೋರಲು ಹಾಕಿ, ಕೊನೆಯ ಪುಡಿಯನ್ನೂ ತಟ್ಟಿ ಚಿಲುಮೆಗೆ ತುಂಬಿದ. ಕೆಂಡ ಇಟ್ಟು ಎಳೆದ.

"ಬೇಡ!" ಎಂದು ಬೂದುಗಣ್ಣ ಕಿರುಚಿದ. ಅಷ್ಟರಲ್ಲಿ ಅವನ ಪಾದಗಳು ಬೂದಿಯಾಗಿದ್ದವು. ಆಮೇಲೆ ಮೊಣಕಾಲು, ಎದೆ, ಕಡೆಗೆ ಆ ಬೂದು ಕಣ್ಣುಗಳು. ಗುಹೆಯೊಳಗೆ ಬೀಸಿದ ಗಾಳಿ ಎಲ್ಲವನ್ನೂ ಗುಡಿಸಿಕೊಂಡು ಹೋಯಿತು. ಗೋಡೆಯ ಭರಣಿಗಳು ಒಂದೊಂದೇ ಸಿಡಿದು, ಯಾವ್ಯಾವುದೋ ದೇಶದ ರಾಣಿಯರು ಕೆಮ್ಮುತ್ತ ಹೊರಬಂದರು. ಗುಡ್ಡದ ಕೆಳಗೆ ಆಮೆ, ಹುಲಿ, ಹದ್ದುಗಳು ದೊರೆಗಳಾಗಿ ನಿಂತು, ತಂತಮ್ಮ ರಾಣಿಯರ ಹೆಸರು ಹಿಡಿದು ಕೂಗುತ್ತಿದ್ದರು.

ಚಿಲುಮೆಯ ಹೊಗೆ ಮೆಲ್ಲಗೆ ಕೂಡಿ ಕೇತಲೆಯಾಯಿತು. ದೊರೆ ಅವಳ ಮುಖವನ್ನು ಎಷ್ಟು ಹೊತ್ತು ನೋಡಿದನೆಂದರೆ, ಅವಳಿಗೇ ನಾಚಿಕೆಯಾಯಿತು.

"ಹಾಗೇನು ನೋಡ್ತೀರಿ? ಮೊದಲು ನೀರು ಕೊಡಿ," ಎಂದಳು.

ನೀರು ಕೊಟ್ಟ. "ನನ್ನಿಂದ ತಪ್ಪಾಯ್ತು ಕೇತಲೆ. ಇನ್ನು ಆ ಸೊಪ್ಪಿಲ್ಲ, ಹೋಗಲಿ ಬಿಡು. ನೀನು ಬಂದೆಯಲ್ಲ."

ಕೇತಲೆ ಮಣ್ಣಿನ ಭರಣಿಯನ್ನು ಎತ್ತಿ ಒಳಗೆ ಇಣುಕಿದಳು. ತಳ ಕಾಣುತ್ತಿತ್ತು.

"ಇದನ್ನ ಬೆರೆಸಿ ಇಡ್ತಿದ್ದವಳು ನಾನೇ," ಎಂದಳು. "ಖಾಲಿಯಾದ ಕೂಡಲೇ ಮತ್ತೆ ತುಂಬೋಣ ಅಂತ ದಿನಾ ಮುಚ್ಚಳ ತೆಗೆದು ನೋಡ್ತಿದ್ದೆ. ಖಾಲಿಯಾಗಲೇ ಇಲ್ಲ. ನಿಮಗೆ ಹಿಡಿಸಲಿಲ್ಲ ಅಂದುಕೊಂಡು ಸುಮ್ಮನಾದೆ."

"ಊರವರನ್ನೆಲ್ಲ ಕೇಳಿದೆನಲ್ಲೇ!"

"ನನ್ನನ್ನ ಕೇಳಲಿಲ್ಲ."

ಇಬ್ಬರೂ ಬರಿದಾದ ಬಂಡಿಯಲ್ಲಿ ಏಳುಕೊಳಕ್ಕೆ ಹಿಂತಿರುಗಿದರು. ಬಿಟ್ಟುಬಂದ ಭರಣಿಗಳನ್ನು ತರಲು ದೊರೆ ಯಾರನ್ನೂ ಕಳಿಸಲಿಲ್ಲ. ಅಲ್ಲಿಂದ ಮುಂದೆ ಪಡಸಾಲೆಯಲ್ಲಿ ಮೂರೇ ಭರಣಿ ಇದ್ದವು, ಬೆಳಗಿನದು, ಊಟದ ನಂತರದ್ದು, ಸಂಜೆಯದು. ಸಂಜೆಯದು ಆಗಾಗ ಮುಗಿಯುತ್ತಿತ್ತು. ಮುಗಿದಾಗ ದೊರೆ ಅದನ್ನು ಹಿಡಿದುಕೊಂಡು ತಾನೇ ಒಳಗೆ ಹೋಗಿ ಕೇಳುತ್ತಿದ್ದ. ಕೇತಲೆ ಕೂಡಲೇ ಕೊಡುತ್ತಿರಲಿಲ್ಲ, ಊಟ ಆಗಲಿ ಎನ್ನುತ್ತಿದ್ದಳು. ದೊರೆ ಕೂತು ಉಣ್ಣುತ್ತಿದ್ದ. ಹೀಗೆ ಅವರು ಸುಖವಾಗಿದ್ದರು, ಅವರ ಪ್ರಜೆಗಳೂ ಸುಖವಾಗಿದ್ದರು.