ಕಪಾಟಿಗಲ್ಲ, ನಿಮಗೆ

"ಏನ್ರೀ ಡ್ರೈವರ್ರೇ, ಪ್ರತಿ ಕಾಮಾಗೂ ಬ್ರೇಕ್ ಹಾಕ್ತೀರಲ್ಲ?"

"ಮತ್ತೆ? ಜನ ಹತ್ಬೇಕಲ್ವಾ, ಮೇಡಂ."

ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ತಡವರಿಸುತ್ತ ಪುಟ ಓದುತ್ತಿದ್ದ ಅವರನ್ನು ನಾನು ಮೊದಲ ಸಲ ರೇಗಿಸಿದ್ದೂ, ಅವರು ತಲೆಯೆತ್ತಿ ನನ್ನನ್ನು ಸರಿಯಾಗಿ ನೋಡಿದ್ದೂ ಅವತ್ತೇ. ನೋಡಿದರು, ಕಿವಿ ಕೆಂಪಾಯಿತು, ಮತ್ತೆ ಪುಟಕ್ಕೆ ಇಳಿದರು. ಓದುತ್ತಿದ್ದ ಸಾಲು ಮಾತ್ರ ತಪ್ಪಿಹೋಗಿತ್ತು.

ನಮ್ಮ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಒಂದು ಬೀಜದ ಕಪಾಟಿದೆ. ಅದರ ಕೀಲಿಕೈ ನನ್ನ ಬಳಿ. ಕೈತೋಟದ ಹುಚ್ಚಿರುವವರು ಒಂದು ಪೊಟ್ಟಣ ಒಯ್ದು ಬಿತ್ತುತ್ತಾರೆ, ಬೆಳೆದ ಮೇಲೆ ಒಂದು ಪೊಟ್ಟಣ ತಂದಿಡುತ್ತಾರೆ. ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಬೀಜಗಳ ಕುರಿತ ಒಂದು ದಪ್ಪ ಪುಸ್ತಕ ಓದುತ್ತೇವೆ. ಇರುವುದು ಒಂದೇ ಪ್ರತಿ, ಹಾಗಾಗಿ ಒಬ್ಬೊಬ್ಬರು ಒಂದು ಪುಟ ಜೋರಾಗಿ ಓದಿ ಪಕ್ಕದವರಿಗೆ ಕೊಡಬೇಕು. ಅವರು ಸಿಟಿ ಬಸ್ಸಿನ ಡ್ರೈವರ್. ತಾರಸಿಯ ಮೇಲೆ ಪೇಂಟ್ ಡಬ್ಬಗಳಲ್ಲಿ ತರಕಾರಿ ಬೆಳೆಯುತ್ತಿದ್ದರು. ನನ್ನ ಪಕ್ಕದ ಕುರ್ಚಿ ಅವರದಾಗಲು ಮೂರು ವಾರ ಸಾಕಾಯಿತು. ಪುಸ್ತಕ ಕೈ ಬದಲಾಗುವಾಗ ಬೆರಳು ತಾಕದಂತೆ ಅವರು ಎಷ್ಟು ಎಚ್ಚರ ವಹಿಸುತ್ತಿದ್ದರೆಂದರೆ, ತಾಕಿದ್ದರೂ ಅಷ್ಟು ಗೊತ್ತಾಗುತ್ತಿರಲಿಲ್ಲ.

ಒಂದು ಭಾನುವಾರ ನನ್ನ ಪಾಲಿಗೆ ತಾವರೆ ಬೀಜದ ಪುಟ ಬಂತು. ಕೆರೆಯ ಕೆಸರಿನಲ್ಲಿ ಸಾವಿರ ವರ್ಷ ಮಲಗಿದ್ದ ಬೀಜ, ನೀರು ಬೆಳಕು ಸಿಕ್ಕಿದ್ದೇ ತಡ ಚಿಗುರಿತಂತೆ. ಓದುತ್ತಲೇ ಮೈ ಜುಮ್ಮೆಂದಿತು.

"ಸಾವಿರ ವರ್ಷ ಕಾದಿದೆ ನೋಡಿ!"

"ಪಾಪ, ಅಲ್ಲೀವರ್ಗೂ ಯಾರೂ ಹೋಗಿ ಕರೀಲಿಲ್ಲ, ಅಷ್ಟೆ," ಎಂದರು ಅವರು.

ಅವತ್ತು ಹೊರಡುವಾಗ ನನಗೊಂದು ಪುಟ್ಟ ಪೊಟ್ಟಣ ಕೊಟ್ಟರು. ಬಸ್ ಟಿಕೆಟ್ಟಿನ ಕಾಗದ ಮಡಚಿ ಮಾಡಿದ್ದು. ಮೇಲೆ ಗುಂಡಗಿನ ಅಕ್ಷರದಲ್ಲಿ "ಕಪಾಟಿಗಲ್ಲ, ನಿಮಗೆ" ಎಂದು ಬರೆದಿತ್ತು.

"ಈರುಳ್ಳಿ ಬೀಜ. ಗಡ್ಡೆ ನೆಟ್ಟು, ಹೂ ಬಿಡೋವರ್ಗೂ ಕಾದು, ನಾನೇ ಕೈಯಾರೆ ತೆಗ್ದಿದ್ದು. ಮೊಳಕೆ ಬಂದ್ರೆ ನಂಗೊಂದು ಮಾತು ಹೇಳಿ. ಮಾರನೇ ದಿನಾನೇ ನಿಮ್ಮ ಅಕ್ಕನ್ ಹತ್ರ ಬಂದು ಕೇಳ್ತೀನಿ."

"ಏನ್ ಕೇಳ್ತೀರಿ?" ಗೊತ್ತಿದ್ದೂ ಕೇಳಿದೆ.

"ಈರುಳ್ಳಿ ರೇಟು," ಎಂದು ನಕ್ಕು ಓಡಿಯೇ ಹೋದರು.

ಈಗ ನನ್ನ ಸ್ವಭಾವ ಹೇಳಬೇಕು. ಒಳ್ಳೆಯದೇನು ಸಿಕ್ಕರೂ ಎತ್ತಿಡುವವಳು ನಾನು. ಹೊಸ ನೋಟ್‌ಬುಕ್ಕಿನಲ್ಲಿ ಬರೆಯುವುದಿಲ್ಲ, ಹೊಸ ಕಪ್ಪಿನಲ್ಲಿ ಕುಡಿಯುವುದಿಲ್ಲ. "ಬಿತ್ತಿದಂತೆ ಬೆಳೆ ಅಂತಾರೆ ಕಣೇ, ನೀನು ಬಿತ್ತೋದೇ ಇಲ್ವಲ್ಲ," ಎಂದು ನನ್ನನ್ನು ಸಾಕಿದ ಅಕ್ಕ ಬೈಯುತ್ತಲೇ ಇರುತ್ತಾಳೆ. ಆ ಪೊಟ್ಟಣವನ್ನೂ ಒಂದು ಡಬ್ಬಿಯಲ್ಲಿಟ್ಟು ದಿಂಬಿನ ಪಕ್ಕ ಇಟ್ಟುಕೊಂಡೆ. ಬಿತ್ತಿದರೆ ಪೊಟ್ಟಣ ಖಾಲಿ. ಮೊಳಕೆ ಬರದೇ ಹೋದರೆ ಎಂಬ ಹೆದರಿಕೆ ಬೇರೆ. ದಿನಾ ತೆರೆದು ನಲವತ್ತು ಕರಿ ಕಾಳುಗಳನ್ನು ನೋಡಿ ಮುಚ್ಚುವುದರಲ್ಲೇ ನನಗೆ ಸುಖವಿತ್ತು.

"ಬಂತಾ?" ಎಂದು ಪ್ರತಿ ಭಾನುವಾರ ಪಿಸುಗುಟ್ಟುತ್ತಿದ್ದರು.

"ಇನ್ನೂ ಇಲ್ಲ," ಎನ್ನುತ್ತಿದ್ದೆ. ಬಿತ್ತಿಯೇ ಇಲ್ಲ ಎನ್ನಲು ನಾಚಿಕೆ.

ಆರೇಳು ವಾರ ಕೇಳಿದರು, ಆಮೇಲೆ ಬಿಟ್ಟರು. ಬಿಟ್ಟಿದ್ದು ನನಗೆ ನೆಮ್ಮದಿಯೇ ಆಯಿತು; ಅದನ್ನು ನೆನೆದರೆ ಇವತ್ತೂ ನನ್ನ ಮೇಲೇ ಸಿಟ್ಟು ಬರುತ್ತದೆ. ಪಕ್ಕದ ಕುರ್ಚಿಯನ್ನು ಮಾತ್ರ ಅವರು ಬಿಡಲಿಲ್ಲ. ಅದನ್ನೇ ನಂಬಿ ನಿಶ್ಚಿಂತೆಯಾಗಿದ್ದೆ.

ಈರುಳ್ಳಿ ಬೀಜ ಬೇಗ ಸಾಯುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ವರ್ಷ ದಾಟಿದ ಪೊಟ್ಟಣಗಳನ್ನು ಕಪಾಟಿನಿಂದ ತೆಗೆದು ಎಸೆಯುವವಳೇ ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ಇದು ಕಪಾಟಿನದಲ್ಲವಲ್ಲ, ಇದಕ್ಕೆ ಆ ಕಾನೂನು ಯಾಕೆ ಎಂದುಕೊಂಡಿದ್ದೆ.

ವರ್ಷ ಕಳೆದ ಮೇಲೆ ಪುಸ್ತಕದಲ್ಲಿ ಈರುಳ್ಳಿಯ ಪುಟ ಬಂತು, ಅದೂ ಅವರ ಪಾಲಿಗೆ. ಅಷ್ಟರಲ್ಲಿ ಅವರ ಓದು ಹದಕ್ಕೆ ಬಂದಿತ್ತು. ಕಾಮಾಗಳನ್ನು ಸಲೀಸಾಗಿ ದಾಟುತ್ತಿದ್ದರು. ಆ ಪುಟದಲ್ಲಿ ಮಾತ್ರ ಒಂದು ಕಡೆ ನಿಂತರು.

"ಏನಪ್ಪಾ, ಸ್ಟಾಪ್ ಬಂತಾ?" ಎಂದು ಗುಂಪಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಕೆಣಕಿದರು.

ಅವರು ನಗಲಿಲ್ಲ. "ಈರುಳ್ಳಿ ಬೀಜಕ್ಕೆ ಆಯಸ್ಸು ಒಂದೇ ವರ್ಷ. ಹಿಡಿದಿಟ್ಟರೆ ಕೆಡುತ್ತದೆ," ಎಂದು ಓದಿ ಮುಗಿಸಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಬೆರಳು ತಾಕಿತು. ಅವರು ಗಮನಿಸಿದಂತೆ ಕಾಣಲಿಲ್ಲ.

ಅವತ್ತೇ ಸಂಜೆ ನಲವತ್ತನ್ನೂ ಬಿತ್ತಿದೆ. ಮುಂದಿನ ಭಾನುವಾರ ಅವರು ಓದಿಗೆ ಬರಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ನೋಡಿದರೆ, ಮಡಚಿದ ಹಸಿರು ದಾರದ ಹಾಗೆ ಏಳು ಮೊಳಕೆ ಎದ್ದಿದ್ದವು. "ಅಕ್ಕಾ!" ಎಂದು ಕಿರುಚಿದೆ. ಅಕ್ಕ ಬಂದು ನೋಡಿ, "ನನ್ನನ್ಯಾಕೆ ಕೂಗ್ತೀಯ? ಹೇಳ್ಬೇಕಾದವರಿಗೆ ಹೇಳು, ಹೋಗು," ಎಂದಳು.

ಅವರ ಬಸ್ಸು ಹಿಡಿದು ಕೊನೆಯ ಸ್ಟಾಪಿನವರೆಗೂ ಕೂತೆ. ಎಲ್ಲರೂ ಇಳಿದ ಮೇಲೆ ಅವರ ಸೀಟಿನ ಹತ್ತಿರ ಹೋಗಿ ನಿಂತೆ.

"ಮೊಳಕೆ ಬಂದಿದೆ. ಏಳು."

ಅವರು ಸೀಟಿನಲ್ಲೇ ನನ್ನ ಕಡೆ ತಿರುಗಿದರು. "ಹೋದ ವರ್ಷದ್ದಾ? ನನ್ನ ಬೀಜಾನೇ ಸರಿ ಇರ್ಲಿಲ್ಲ ಅಂದ್ಕೊಂಡಿದ್ದೆ. ಇಲ್ಲಾಂದ್ರೆ, ನಂಗೆ ನೋವಾಗ್ದೇ ಇರ್ಲಿ ಅಂತ ನೀವು ಹಾಗೆ 'ಬೇಡ' ಅಂತಿದೀರಿ ಅಂತ."

"ಬೀಜ ಚೆನ್ನಾಗೇ ಇತ್ತು. ನಾನೇ ಬಿತ್ತಿರ್ಲಿಲ್ಲ. ಎಲ್ಲಿ ಮುಗ್ದುಹೋಗತ್ತೋ ಅಂತ ಎತ್ತಿಟ್ಕೊಂಡಿದ್ದೆ. ನೀವಂದ್ರೆ ನಂಗೆ ಅಷ್ಟು ಇಷ್ಟ."

ಅವರು ಮುಂದಕ್ಕೆ ತಿರುಗಿ ಎಂಜಿನ್ ಆಫ್ ಮಾಡಿದರು.

"ಹೋದ ತಿಂಗಳು ನಮ್ಮತ್ತಿಗೆ ಒಂದು ಸಂಬಂಧ ತಂದ್ರು. ಹೂಂ ಅಂದ್ಬಿಟ್ಟೆ. ಒಂದು ತಿಂಗಳು ಮೊದ್ಲು ನೀವು..."

"ಅವರು ಒಳ್ಳೆಯವರಾ?"

"ಒಳ್ಳೆಯವಳು. ಯಾವಾಗ ದಿನ ಗೊತ್ತು ಮಾಡ್ತೀರಿ ಅಂತ ಕಾಯ್ತಿದಾಳೆ. ಅವಳಿಗೆ 'ಇನ್ನೂ ಇಲ್ಲ' ಅನ್ಲಾ, ಹೇಳಿ? ಅದನ್ನ ಕೇಳಿಸ್ಕೊಳ್ಳೋದು ಹೇಗಿರತ್ತೆ ಅಂತ ನಂಗೊತ್ತು."

ನಾನು ಅತ್ತರೆ ಅವರು ಸೋತುಬಿಡುತ್ತಾರೆಂದು ತಿಳಿದಿತ್ತು. ಒಂದು ಹನಿ ಸಾಕಿತ್ತು.

"ಅನ್ಬೇಡಿ," ಎಂದೆ. ಅವರ ವಿಷಯದಲ್ಲಿ ನಾನು ತಡಮಾಡದೆ ಆಡಿದ ಮಾತು ಅದೊಂದೇ.