ಅರವತ್ತು ಗಳಿಗೆಯ ಬೇಲಿ

ಬಹಳ ಹಿಂದೆ, ಕಾಡಿನ ಮೃಗಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಚಂದನಗಿರಿ ಎಂಬ ರಾಜ್ಯವಿತ್ತು. ಅದರ ರಾಜಧಾನಿಗೆ ಏಳು ಸುತ್ತಿನ ಕೋಟೆ, ಮೊಸಳೆ ಬಿಟ್ಟ ಕಂದಕ, ನೂರು ಆನೆ. ಇಷ್ಟಿದ್ದೂ ಅಲ್ಲಿಯ ರಾಜ ಹೆದರಿಕೊಂಡೇ ಮಲಗುತ್ತಿದ್ದ. ರಾಜ್ಯದ ಅಂಚಿನಲ್ಲಿ ಹೊಂಬೇಲಿ ಎಂಬ ಹಳ್ಳಿ. ಅಲ್ಲಿ ಕೋಟೆಯಿಲ್ಲ, ಆನೆಯಿಲ್ಲ, ಮನೆಗಳಿಗೆ ಅಗುಳಿ ಕೂಡ ಇಲ್ಲ. ಆದರೂ ಆ ಹಳ್ಳಿಯವರು ಗೊರಕೆ ಹೊಡೆದು ಮಲಗುತ್ತಿದ್ದರು. ಹಳ್ಳಿಯೆಂದರೆ ಹಾಗಿರಬೇಕು!

ಯಾಕೆಂದರೆ ಹೊಂಬೇಲಿಯ ಸುತ್ತ ಬೆಳಕಿನ ಬೇಲಿಯಿತ್ತು. ಅದು ಪ್ರಾರ್ಥನೆಯಿಂದ ನಿಂತ ಬೇಲಿ. ಹಳ್ಳಿಯಲ್ಲಿ ಅರವತ್ತು ಮನೆ, ದಿನಕ್ಕೆ ಅರವತ್ತು ಗಳಿಗೆ, ಮನೆಗೊಂದು ಗಳಿಗೆ. ತಳದಲ್ಲಿ ಸಣ್ಣ ತೂತಿದ್ದ ತಾಮ್ರದ ಬಟ್ಟಲೊಂದನ್ನು ಕೊಪ್ಪರಿಗೆಯ ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗುವವರೆಗೆ ಮನೆಯವರೊಬ್ಬರು ಗೋಣಿತಾಟಿನ ಮೇಲೆ ಮೊಣಕಾಲೂರಿ ಯೇಸುಸ್ವಾಮಿಗೆ ಪ್ರಾರ್ಥನೆ ಮಾಡಬೇಕು. ಮುಳುಗಿದ ಕೂಡಲೇ ಬಟ್ಟಲನ್ನು ಪಕ್ಕದ ಮನೆಯವರ ಕೈಗೆ ಕೊಡಬೇಕು. ಹೀಗೆ ಬಟ್ಟಲು ಹಗಲಿರುಳು ಸುತ್ತುತ್ತಿತ್ತು, ಬೇಲಿ ನಿಂತಿತ್ತು.

ಬೇಲಿಯಾಚೆ ಮಸಿಗುಡ್ಡದಲ್ಲಿ ಮಸಿಗಣ್ಣ ಎಂಬ ಮಾಂತ್ರಿಕ ಇದ್ದ. ಸೈತಾನನ ಊಳಿಗದವನು. ಮನುಷ್ಯರನ್ನು ಹಕ್ಕಿ ಮಾಡಿ ಪಂಜರದಲ್ಲಿಡುವುದು ಅವನ ಕಸುಬು. ಬೇಲಿ ಎಲ್ಲಿ ಹರಿದೀತು ಎಂದು ದಿನಾ ಸುತ್ತು ಹಾಕುತ್ತಿದ್ದ.

ಹೊಂಬೇಲಿಯಲ್ಲಿ ಚೌರಪ್ಪ ಎಂಬ ಯುವಕನಿದ್ದ. ತಂದೆ ತಾಯಿ ತೀರಿಹೋಗಿದ್ದರು. ಅಜ್ಜಿ ಜ್ಞಾನಮ್ಮ, ತಂಗಿ ರೋಜಮ್ಮ, ಇಷ್ಟೇ ಸಂಸಾರ. ಊರ ಬಯಲಿನ ಗುಂಡುಕಲ್ಲನ್ನು ಒಂದೇ ಉಸಿರಿಗೆ ಹೆಗಲಿಗೇರಿಸುವ ಗಟ್ಟಿಗ. ಅವನಷ್ಟು ಬಲವಂತ ಸುತ್ತ ಏಳು ಹಳ್ಳಿಯಲ್ಲಿರಲಿಲ್ಲ. ಈ ಮಾತನ್ನು ಅವನೇ ದಿನಕ್ಕೆ ಏಳು ಸಲ ಹೇಳುತ್ತಿದ್ದ.

ಅಜ್ಜಿಯ ಮೊಣಕಾಲು ಸೋತ ವರ್ಷ ಮನೆಯ ಗಳಿಗೆ ಚೌರಪ್ಪನ ಪಾಲಿಗೆ ಬಂತು. ಒಂದು ಮಧ್ಯಾಹ್ನ ಅವನು ಬಟ್ಟಲು ತೇಲಿಬಿಟ್ಟು ಮೊಣಕಾಲೂರಿದ. ಬಯಲಿನಿಂದ ಕೇಕೆ ಕೇಳಿಸಿತು. ಪಕ್ಕದ ಊರಿನ ಹುಡುಗರು ಗುಂಡು ಎತ್ತಲು ಬಂದಿದ್ದರು. "ಬಟ್ಟಲು ಹೇಗೂ ತಾನೇ ಮುಳುಗುತ್ತೆ, ನಾನು ಕಾಯ್ದರೆ ಬೇಗ ಮುಳುಗುತ್ತಾ?" ಎಂದುಕೊಂಡು ಎದ್ದು ಹೋದ. ಗುಂಡು ಎತ್ತಿದ. ಶಿಳ್ಳೆ ಹೊಡೆಸಿಕೊಂಡ.

ಅಷ್ಟರಲ್ಲಿ ಬೇಲಿ ಒಂದು ಕಡೆ ಆರಿತು. ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ರೋಜಮ್ಮನನ್ನು ಮಸಿಗಣ್ಣ ಗೊರವಂಕ ಹಕ್ಕಿ ಮಾಡಿ ಮುಷ್ಟಿಯಲ್ಲಿ ಹಿಡಿದು ಮೇಲಕ್ಕೆ ಹಾರಿದ. ಓಡಿಬಂದ ಚೌರಪ್ಪನಿಗೆ ಆಕಾಶದಿಂದ ಕೂಗಿ ಹೇಳಿದ: "ಮೂರು ದಿನ! ಮೂರನೇ ದಿನ ಹೊತ್ತು ಮುಳುಗುವಷ್ಟರಲ್ಲಿ ಇವಳು ತನ್ನ ಹೆಸರು ಮರೆಯುತ್ತಾಳೆ. ಆಮೇಲೆ ಎಂದೆಂದಿಗೂ ನನ್ನ ಹಕ್ಕಿ!"

ಊರು ಕೂಡಿತು. "ಯಾರ ಗಳಿಗೆಯಲ್ಲಿ ಬೇಲಿ ಆರಿದ್ದು?" ಎಂದು ಹಿರಿಯರು ಕೇಳಿದರು.

ಚೌರಪ್ಪನ ಬಾಯಿಂದ ಸುಳ್ಳು ಹಾರಿಬಂತು. "ನಮ್ಮ ಗಳಿಗೆ ಮುಗಿದಿತ್ತು. ಇನ್ನಾಸಿ ಬಟ್ಟಲು ತಗೊಳ್ಳೋಕೆ ತಡಮಾಡಿದ."

ಇನ್ನಾಸಿ ಪಕ್ಕದ ಮನೆಯವನು. ಚಾಪೆ ಹೆಣೆಯುವ ಸಣಕಲ. ಅವನು ಚೌರಪ್ಪನ ಮುಖವನ್ನೇ ನೋಡಿದ, ಏನೂ ಅನ್ನಲಿಲ್ಲ. ಊರವರು ಅವನಿಗೆ ಬೆನ್ನು ತಿರುಗಿಸಿದರು.

ಚೌರಪ್ಪ ಮನೆಗೆ ಬಂದು ದೊಣ್ಣೆ ತೆಗೆದುಕೊಂಡ. "ಅಜ್ಜಿ, ಮಸಿಗಣ್ಣನ ತಲೆ ಒಡೆದು ತಂಗೀನ ತರ್ತೀನಿ. ಅಪ್ಪನ ಕತ್ತಿ ಎಲ್ಲಿಟ್ಟಿದ್ದೀಯ?"

"ಕತ್ತಿಗೆ ತುಕ್ಕು ಹಿಡಿದು ಯಾವ ಕಾಲವಾಯ್ತೋ ಮಗಾ. ಮನೆಯ ಗಳಿಗೆ ನಾನು ಕೂತಾದರೂ ನಡೆಸ್ತೀನಿ, ನೀನು ಇದನ್ನ ತಗೊಂಡು ಹೋಗು," ಎಂದು ಅಜ್ಜಿ ತನ್ನ ಗೋಣಿತಾಟನ್ನು ಕೊಟ್ಟಳು. ನಲವತ್ತು ವರ್ಷ ಮೊಣಕಾಲೂರಿ ಅದರಲ್ಲಿ ಎರಡು ತೂತು ಬಿದ್ದಿದ್ದವು.

"ಇದರಲ್ಲಿ ಅವನನ್ನ ಕಟ್ಟಿ ತರಲಾ?"

"ನೀನು ಇದರ ಮೇಲೆ ಮೊಣಕಾಲೂರು ಸಾಕು. ಕಟ್ಟೋನು ಬೇರೆ ಇದ್ದಾನೆ."

ಮೊದಲ ದಿನ ಕಾಡಿನ ಬಾಯಲ್ಲಿ ಕಬ್ಬಿಣದ ಹಂದಿ ಅಡ್ಡ ನಿಂತಿತು. ಚೌರಪ್ಪ ದೊಣ್ಣೆ ಬೀಸಿದ. ಹಂದಿ ಕರುವಿನಷ್ಟಾಯಿತು. ಮತ್ತೆ ಬೀಸಿದ. ಎಮ್ಮೆಯಷ್ಟಾಯಿತು. ಮೂರನೆಯ ಏಟಿಗೆ ಆನೆಯಷ್ಟಾಗಿ, "ಇನ್ನೊಂದು ಹಾಕೋ ಪೈಲ್ವಾನ, ಬೆನ್ನು ತುರಿಸ್ತಿದೆ," ಎಂದಿತು. ದೊಣ್ಣೆ ಮುರಿದಿತ್ತು. ಬೇರೆ ದಾರಿಯಿಲ್ಲದೆ ಚೌರಪ್ಪ ಗೋಣಿತಾಟು ಹಾಸಿದ. "ಯೇಸುಸ್ವಾಮಿ, ಈ ಹಂದಿ ನನ್ನ ಕೈಗೆ ಬಗ್ಗುತ್ತಿಲ್ಲ. ನೀನೇ ನೋಡಿಕೋ," ಎಂದ. ಅಷ್ಟೇ. ಹಂದಿ ಎಮ್ಮೆಯಷ್ಟಾಯಿತು, ಕರುವಿನಷ್ಟಾಯಿತು, ಇಲಿಯಷ್ಟಾಗಿ ಪೊದೆಗೆ ನುಗ್ಗಿತು.

ಎರಡನೆಯ ದಿನ ಗುಡ್ಡದ ತಪ್ಪಲಲ್ಲಿ ಜರಿಪೇಟ ಸುತ್ತಿದ ನರಿಯೊಂದು ಬಗ್ಗಿ ನಮಸ್ಕಾರ ಮಾಡಿತು. "ಬನ್ನಿ ಬನ್ನಿ ಚೌರಪ್ಪನವರೇ! ಕಬ್ಬಿಣದ ಹಂದಿಯನ್ನು ಇಲಿ ಮಾಡಿದ ಶೂರರು ನೀವೇ ತಾನೇ? ಎಂಥಾ ಪ್ರಾರ್ಥನೆ ನಿಮ್ಮದು! ಎರಡೇ ಮಾತು! ಪಾದ್ರಿಗಳಿಗೂ ಬರಲ್ಲ."

"ಹೌದೌದು, ನಾನು ಹೆಚ್ಚು ಮಾತಾಡಲ್ಲ," ಎಂದ ಚೌರಪ್ಪ. ಅವನ ಪಾದ ಕಲ್ಲಾಯಿತು.

"ನಿಮ್ಮಂಥವರು ರಾಜಧಾನಿಯಲ್ಲಿರಬೇಕಿತ್ತು."

"ಎಲ್ಲರೂ ಅದನ್ನೇ ಹೇಳ್ತಾರೆ." ಮೊಣಕಾಲು ಕಲ್ಲಾಯಿತು.

"ದೇವರಿಗೇ ನಿಮ್ಮ ಮೇಲೆ ಕೊಂಚ ಭಯ ಇರಬೇಕು!"

ಚೌರಪ್ಪ ನಗಲು ಹೋದ. ಕಲ್ಲು ಸೊಂಟಕ್ಕೇರಿತು. ಆಗ ಅವನಿಗೆ ದಿಗಿಲಾಯಿತು. ತಾಟು ಹಾಸಿದರೂ ಮೊಣಕಾಲು ಮಡಚದು. ಬಗ್ಗುವುದೊಂದೇ ಉಳಿದಿತ್ತು, ತಲೆ. ಅದನ್ನೇ ಬಗ್ಗಿಸಿದ. "ಸ್ವಾಮಿ, ಹಂದಿಯನ್ನು ಓಡಿಸಿದ್ದು ನಾನಲ್ಲ, ನೀನು. ದೊಣ್ಣೆ ಮುರಿಯದಿದ್ದರೆ ನಾನು ನಿನ್ನನ್ನು ಕರೆಯುತ್ತಲೂ ಇರಲಿಲ್ಲ." ಕಲ್ಲು ಸಿಪ್ಪೆಯಂತೆ ಸುಲಿದು ಬಿತ್ತು. ನರಿಯ ಪೇಟ ಬಿಚ್ಚಿಕೊಂಡು ಅದರ ಕಾಲಿಗೇ ಸುತ್ತಿತು. ಅದು ಉರುಳಿಕೊಂಡೇ ಹೋಯಿತು.

ಮೂರನೆಯ ದಿನ ಹೊತ್ತು ಇಳಿಯುವಾಗ ಅವನು ಮಸಿಗುಡ್ಡ ಹತ್ತಿದ. ಗವಿಯ ತುಂಬ ಪಂಜರಗಳು. ಒಂದರಲ್ಲಿ ಗೊರವಂಕ. "ಅಣ್ಣಾ, ನನ್ನ ಹೆಸರು ರೋ... ರೋ..." ಎಂದು ತಡವರಿಸುತ್ತಿತ್ತು.

ಚೌರಪ್ಪ ಮಸಿಗಣ್ಣನ ಮುಂದೆಯೇ ತಾಟು ಹಾಸಿ ಪ್ರಾರ್ಥನೆಗೆ ಬಾಯಿ ತೆರೆದ. ಮಾತುಗಳು ಒಣ ಹೊಟ್ಟಾಗಿ ನೆಲಕ್ಕೆ ಉದುರಿದವು. ಮತ್ತೆ ತೆರೆದ. ಮತ್ತೆ ಹೊಟ್ಟು.

ಮಸಿಗಣ್ಣ ಹೊಟ್ಟೆ ಹಿಡಿದು ನಕ್ಕ. "ಏನಯ್ಯಾ ಪೈಲ್ವಾನ, ಹಂದಿ ಮುಂದೆ ನಡೆಯಿತು, ನರಿ ಮುಂದೆ ನಡೆಯಿತು, ಇಲ್ಲಿ ನಡೆಯುತ್ತಿಲ್ಲವಾ? ನೋಡು." ಅವನು ಒಂದು ಕನ್ನಡಿ ಹಿಡಿದ. ಅದರಲ್ಲಿ ಖಾಲಿ ಗೋಣಿತಾಟು, ಒಬ್ಬಂಟಿಯಾಗಿ ಮುಳುಗುತ್ತಿದ್ದ ಬಟ್ಟಲು. "ಬಾಗಿಲು ತೆರೆದುಕೊಟ್ಟವನು ನೀನು. ತಪ್ಪನ್ನು ಆ ಸಣಕಲನ ತಲೆಗೆ ಕಟ್ಟಿದವನೂ ನೀನೇ. ಸುಳ್ಳು ನನ್ನ ಮನೆಯ ಸೊತ್ತು; ಅದನ್ನು ಇಟ್ಟುಕೊಂಡವನು ನನ್ನವನು. ಯಾವ ಮುಖ ಹೊತ್ತು ನಿನ್ನ ದೇವರನ್ನು ಕರೀತೀಯೋ? ಎದ್ದು ಮನೆಗೆ ಹೋಗು. ತಂಗಿಯ ಮುಂದೆ ಮಾನವಾದರೂ ಉಳಿಯಲಿ."

"ಅಣ್ಣಾ, ನಾನು ರ... ರ..." ಎಂದಿತು ಹಕ್ಕಿ.

ಗವಿಯ ಬಾಯಲ್ಲಿ ಬಿಸಿಲು ಒಂದು ಗೇಣು ಉಳಿದಿತ್ತು. ಚೌರಪ್ಪ ತಾಟಿನ ಎರಡು ತೂತಿನಲ್ಲಿ ಎರಡು ಮೊಣಕಾಲೂರಿದ.

"ಸ್ವಾಮಿ, ಇವನು ಹೇಳಿದ್ದೆಲ್ಲ ನಿಜ. ಬಟ್ಟಲು ಬಿಟ್ಟು ಗುಂಡು ಎತ್ತೋಕೆ ಹೋದೆ. ಇನ್ನಾಸಿ ತಡಮಾಡಲಿಲ್ಲ, ಅದು ನನ್ನ ಸುಳ್ಳು. ನನಗೆ ಮುಖವಿಲ್ಲ. ನಿನ್ನ ಮುಖ ನೋಡಿ ಕೇಳ್ತೀನಿ, ಕ್ಷಮಿಸು. ನನ್ನ ತಪ್ಪಿಗೆ ಈ ಕೂಸು ಸಿಕ್ಕಿಬಿದ್ದಿದೆ, ಬಿಡಿಸು. ಆಮೆನ್."

ಈ ಸಲ ಒಂದು ಮಾತೂ ಉದುರಲಿಲ್ಲ. ನೆಟ್ಟಗೆ ಮೇಲೇರಿ ಗವಿಯ ಮಾಡಿಗೆ ತಾಗಿದವು. ಬಂಡೆ ಬಿರಿದು ಬೆಳಕು ಸುರಿಯಿತು. ಕನ್ನಡಿಯಲ್ಲಿ ತೋರಿಸಲು ಏನೂ ಉಳಿಯಲಿಲ್ಲ, ಬರೀ ಗಾಜು. ಮಸಿಗಣ್ಣ, "ಲೇ, ಅದನ್ನ ಯಾಕೋ ಹೇಳಿದೆ!" ಎಂದು ಕಿರುಚಿದ, ಕಿರುಚುತ್ತಲೇ ಒಂದು ಹಿಡಿ ಮಸಿಯಾಗಿ ಕುಸಿದ.

"ರೋಜಮ್ಮಾ!" ಎಂದು ಚೌರಪ್ಪ ಕರೆದ.

"ಹಾಂ, ಅದೇ! ರೋಜಮ್ಮ!" ಎಂದಿತು ಗೊರವಂಕ. ಎಂದದ್ದೇ ಹುಡುಗಿಯಾಗಿ ನಿಂತು, "ಮೆಣಸಿನಕಾಯಿ ಎತ್ತಿಟ್ಟಿರಾ?" ಎಂದು ಕೇಳಿದಳು. ಉಳಿದ ಪಂಜರಗಳೂ ತೆರೆದುಕೊಂಡವು. ಮನುಷ್ಯರೆಲ್ಲ ತಮ್ಮ ತಮ್ಮ ಹೆಸರು ಕೂಗಿಕೊಳ್ಳುತ್ತ ಗುಡ್ಡ ಇಳಿದರು.

ಊರು ಮುಟ್ಟಿದ ಚೌರಪ್ಪ ತನ್ನ ಮನೆಗೆ ಹೋಗಲಿಲ್ಲ. ಸೀದಾ ಇನ್ನಾಸಿಯ ಬಾಗಿಲಿಗೆ ಹೋಗಿ, ಅರವತ್ತು ಮನೆಯವರೂ ಕೇಳುವಂತೆ ನಡೆದದ್ದನ್ನು ನಡೆದ ಹಾಗೆ ಹೇಳಿದ. "ತಪ್ಪಾಯ್ತು ಇನ್ನಾಸಿ," ಎಂದ.

"ನನಗೆ ಅವತ್ತೇ ಗೊತ್ತಿತ್ತು ಬಿಡೋ," ಎಂದ ಇನ್ನಾಸಿ. "ಬಟ್ಟಲು ತರಲಿಲ್ಲವಲ್ಲ ಅಂತ ನಾನೇ ನಿಮ್ಮ ಮನೆಗೆ ಬಂದಿದ್ದೆ. ತಾಟು ಖಾಲಿ ಇತ್ತು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ದರೆ ನೀನು ಗುಂಡುಕಲ್ಲು ತಂದು ನನ್ನ ತಲೆ ಮೇಲೆ ಇಡ್ತಿದ್ದೆ. ಅದಕ್ಕೇ ದೇವರಿಗೆ ಹೇಳಿದೆ." ಅವನು ಒಳಗಿನಿಂದ ತೂತು ಕೊರೆದ ತೆಂಗಿನ ಚಿಪ್ಪೊಂದನ್ನು ತಂದ. "ಊರಿನ ಬಟ್ಟಲು ಹಿಡಿದಿಟ್ಟುಕೊಳ್ಳೋ ಹಾಗಿಲ್ಲವಲ್ಲ. ನಮ್ಮ ಮನೆ ಗಳಿಗೆ ಮುಗಿಸಿ, ಇದನ್ನ ತೇಲಿಬಿಟ್ಟು ನಿನಗೋಸ್ಕರ ಇನ್ನೊಂದು ಗಳಿಗೆ. ಮೂರು ದಿನವೂ."

ಚೌರಪ್ಪ ಆ ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಾಡಿನಲ್ಲಿ ತಾನೊಬ್ಬನೇ ಇದ್ದೆ ಎಂದುಕೊಂಡಿದ್ದವನು, "ಇದನ್ನ ನನಗೆ ಕೊಡ್ತೀಯಾ?" ಎಂದು ಕೇಳಿ ಮನೆಗೆ ಒಯ್ದ.

ಮರುದಿನ ಅವನು ಬಯಲಿನ ಗುಂಡುಕಲ್ಲನ್ನು ಹೆಗಲಿಗೇರಿಸಿ ತಂದು, ಮನೆಯಲ್ಲಿ ಕೊಪ್ಪರಿಗೆಗೆ ಒತ್ತುಗಲ್ಲು ಮಾಡಿದ. ರೋಜಮ್ಮನಿಗೆ ಒಳ್ಳೆಯ ಮನೆ ಸಿಕ್ಕಿತು, ಅಜ್ಜಿ ಮೊಮ್ಮಕ್ಕಳ ಮಕ್ಕಳನ್ನು ಕಂಡಳು, ರಾಜನೂ ಹಳ್ಳಿಗೆ ಬಂದು ಮೊಣಕಾಲೂರುವುದನ್ನು ಕಲಿತು ಹೋದ. ಚೌರಪ್ಪ ಜಂಬ ಕೊಚ್ಚುವುದನ್ನು ಪೂರ್ತಿ ಬಿಟ್ಟನೆಂದರೆ ಸುಳ್ಳಾದೀತು. ಆದರೆ ಆ ಮಧ್ಯಾಹ್ನದ ಗಳಿಗೆ ಬಂತೆಂದರೆ ಆ ಮನೆಯಲ್ಲಿ ಎರಡು ಪಾತ್ರೆ ತೇಲುತ್ತಿದ್ದವು. ಒಂದು ತಾಮ್ರದ್ದು, ಊರಿಗೆ. ಅದು ಮುಳುಗಿ ಇನ್ನಾಸಿಯ ಕೈಗೆ ಹೋದ ಮೇಲೆ ಇನ್ನೊಂದು ತೆಂಗಿನ ಚಿಪ್ಪು, ಆ ಹೊತ್ತಿನಲ್ಲಿ ಎಲ್ಲೋ ಕಾಡಿನ ಮಧ್ಯೆ ದೊಣ್ಣೆ ಮುರಿದುಕೊಂಡು ನಿಂತವನಿಗೆ. ಅವನು ಯಾರಾದರೂ ಸರಿ.